ಕೊಂದವನ ಚಿತ್ತ: ಲಂಡನ್ನಿನ ಕಟ್ಟಳೆ, ಮಂಡ್ಯದ ಕೋರ್ಟು

‘ಅವನಿಗೆ ತಲೆ ಕೆಟ್ಟಿತ್ತು, ಅದಕ್ಕೇ ಹಾಗೆ ಮಾಡಿದ’ ಎಂಬ ಮಾತು ಮೊದಲು ಹುಟ್ಟುವುದು ಊರಿನ ಅರಳಿಕಟ್ಟೆಯಲ್ಲಿ. ಮದ್ದೂರಿನ ಪ್ರಕರಣವಾಗಲಿ, ಮಳವಳ್ಳಿಯದಾಗಲಿ, ಸೆಷನ್ಸ್ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ವಕೀಲರು ಅದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳಬೇಕು. ಆ ಭಾಷೆ ರೂಪುಗೊಂಡದ್ದು ಮಾತ್ರ 1843ರ ಲಂಡನ್ನಿನಲ್ಲಿ.

ಆ ವರ್ಷದ ಜನವರಿ 20ರಂದು ಗ್ಲಾಸ್ಗೋದ ಮರಗೆಲಸದವ ಡೇನಿಯಲ್ ಮ್ಯಾಕ್‌ನಾಟನ್, ಪ್ರಧಾನಿ ರಾಬರ್ಟ್ ಪೀಲ್ ಅವರ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರಿಗೆ ಹಿಂದಿನಿಂದ ಗುಂಡು ಹಾರಿಸಿದ. ಡ್ರಮಂಡ್ ಐದು ದಿನಗಳ ನಂತರ ತೀರಿಕೊಂಡರು. ಅವರನ್ನೇ ಪೀಲ್ ಎಂದು ತಿಳಿದು ಹೊಡೆದನೆಂಬುದು ಸಾಮಾನ್ಯ ಅಭಿಪ್ರಾಯ. ಟೋರಿ ಪಕ್ಷದವರು ತನ್ನನ್ನು ಊರೂರಿಗೆ ಬೆನ್ನಟ್ಟಿ ಕಾಡುತ್ತಿದ್ದಾರೆಂಬ ಭ್ರಮೆ ಅವನದು. ವೈದ್ಯರ ಸಾಕ್ಷ್ಯ ಕೇಳಿದ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ವಿಕ್ಟೋರಿಯಾ ರಾಣಿಗೆ ಸಿಟ್ಟು ಬಂತು. ಬಾರದೇನು? 1840ರಲ್ಲಿ ಅವರತ್ತಲೇ ಪಿಸ್ತೂಲು ಹಾರಿಸಿದ್ದ ಯುವಕನೂ ಹೀಗೆಯೇ ಶಿಕ್ಷೆಯಿಂದ ಪಾರಾಗಿದ್ದ!

ಪ್ರಭುಗಳ ಸಭೆ ನ್ಯಾಯಾಧೀಶರನ್ನು ಕರೆಸಿ ವಿವರಣೆ ಕೇಳಿತು. ಅವರ ಉತ್ತರವೇ ಪ್ರಸಿದ್ಧ ಮ್ಯಾಕ್‌ನಾಟನ್ ನಿಯಮ. ಕೃತ್ಯದ ಹೊತ್ತಿನಲ್ಲಿ, ಚಿತ್ತರೋಗದಿಂದಾಗಿ, ತಾನೇನು ಮಾಡುತ್ತಿದ್ದೇನೆಂಬುದಾಗಲಿ, ಅದು ತಪ್ಪೆಂಬುದಾಗಲಿ ತಿಳಿಯದಿದ್ದವನಿಗೆ ಮಾತ್ರ ವಿನಾಯಿತಿ. ಮ್ಯಾಕ್‌ನಾಟನ್ ಮನೆಗೆ ಹೋಗಲಿಲ್ಲ. ಬೆತ್ಲೆಮ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು, 1865ರಲ್ಲಿ ಬ್ರಾಡ್‌ಮೂರ್‌ನಲ್ಲಿ ಸತ್ತ.

ಇದರ ಛಾಯೆಯೇ 1860ರ ಭಾರತೀಯ ದಂಡಸಂಹಿತೆಯ 84ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಆಗಿದೆ. ಸಂಖ್ಯೆ ಬದಲಾಯಿತು, ಸಾರ ಹಾಗೇ ಉಳಿಯಿತು.

ಕಾಯಿಲೆ ಇದ್ದರಷ್ಟೇ ಸಾಲದು. ಆ ಗಳಿಗೆಯಲ್ಲಿ ಅರಿವು ಇರಲಿಲ್ಲವೆಂದು ತೋರಿಸಬೇಕು. ತೋರಿಸುವ ಹೊಣೆ ಆರೋಪಿಯದೇ ಎಂದು 1964ರಲ್ಲಿ ದಹ್ಯಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಚ್ಚನ್ನು ಬಚ್ಚಿಟ್ಟನೇ, ಓಡಿಹೋದನೇ, ಹಿಂದೆ ಔಷಧಿ ತೆಗೆದುಕೊಂಡಿದ್ದನೇ ಎಂದೆಲ್ಲ ನೋಡುತ್ತಾರೆ. ಹೆಂಡತಿಯನ್ನು ಕೊಂದ ಮಹಾರಾಷ್ಟ್ರದ ಪೊಲೀಸ್ ಪೇದೆಯೊಬ್ಬ 2002ರಲ್ಲಿ ಖುಲಾಸೆಯಾದದ್ದು ಹಳೆಯ ಚಿಕಿತ್ಸೆಯ ದಾಖಲೆಗಳ ಬಲದಿಂದ. ಹಳ್ಳಿಯಲ್ಲಿ ಅಂಥ ಕಾಗದ ಎಲ್ಲಿಂದ ಬರಬೇಕು? ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸಿ ತಾಯಿತ ಕಟ್ಟಿಸಿದವರ ಬಳಿ ಆಸ್ಪತ್ರೆಯ ಚೀಟಿ ಇರುವುದಿಲ್ಲ. ದೇಶದ ಹೈಕೋರ್ಟುಗಳ ಇಂಥ 102 ತೀರ್ಪುಗಳನ್ನು ಪರಿಶೀಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾದ ಗೆದ್ದದ್ದು ಕೇವಲ 18ರಲ್ಲಿ.

ಚಿಕಿತ್ಸೆಯ ಬಾಗಿಲೇನೋ ನಮ್ಮ ಸೀಮೆಯಲ್ಲಿ ಮ್ಯಾಕ್‌ನಾಟನ್ ಕಾಲದಷ್ಟೇ ಹಳೆಯದು. 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್ ಆಯಿತು. ಮಂಡ್ಯದವರಿಗೆ ಅದು ಮದ್ದೂರಿನ ಮೇಲೆ ಹಾದುಹೋಗುವ ಹೆದ್ದಾರಿಯ ಆ ಕೊನೆಯಲ್ಲಿದೆ.

ಗೆದ್ದರೂ ಆರೋಪಿ ನೇರವಾಗಿ ಹೊರಬರುವುದಿಲ್ಲ. ನ್ಯಾಯಾಲಯ ಅವನನ್ನು ಸುರಕ್ಷಿತ ವಶದಲ್ಲಿ ಇರಿಸಬಹುದು, ಇಲ್ಲವೆ ನೋಡಿಕೊಳ್ಳುತ್ತೇವೆಂದು ಭದ್ರತೆ ಕೊಡುವ ಬಂಧುಗಳಿಗೆ ಒಪ್ಪಿಸಬಹುದು. ಕೊಂದದ್ದು ಹೆಂಡತಿಯನ್ನೋ ತಾಯಿಯನ್ನೋ ಆಗಿದ್ದರೆ, ಆ ಕಾಗದಕ್ಕೆ ರುಜು ಹಾಕಲು ಮನೆಯಲ್ಲಿ ಯಾರು ಮುಂದೆ ಬಂದಾರು?