‘ಗೇರುಸೊಪ್ಪ’ ಹಡಗಿನ ಬೆಳ್ಳಿ ನಮ್ಮ ರಾಣಿಯದ್ದೇ?
ಐರ್ಲೆಂಡ್ ಬಳಿಯ ಕಡಲಾಳದಲ್ಲಿ ಸಿಕ್ಕ ‘ಎಸ್.ಎಸ್. ಗೇರುಸೊಪ್ಪ’ ಹಡಗಿನ ಬೆಳ್ಳಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ನಿಧಿಯೇ? ಅಲ್ಲ. ಗೇರುಸೊಪ್ಪ ಜಲಪಾತದ, ಅಂದರೆ ನಮ್ಮ ಜೋಗದ ಹೆಸರನ್ನು ಇಟ್ಟುಕೊಂಡಿದ್ದ ಬ್ರಿಟಿಷ್ ಸರಕು ಹಡಗು ಅದು, ಅಷ್ಟೇ.

1940ರ ಡಿಸೆಂಬರ್‌ನಲ್ಲಿ ಕಲ್ಕತ್ತದಿಂದ ಬೆಳ್ಳಿ, ಕಬ್ಬಿಣ, ಚಹಾ ಹೊತ್ತು ಬ್ರಿಟನ್ನಿಗೆ ಹೊರಟಿತ್ತು. ಬಿರುಗಾಳಿಯಲ್ಲಿ ಕಲ್ಲಿದ್ದಲು ಸಾಲದೆ, ಜೊತೆಗಿದ್ದ ಹಡಗುಗಳ ಗುಂಪನ್ನು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಬಂದರಿನತ್ತ ತಿರುಗಿತು. 1941ರ ಫೆಬ್ರುವರಿ 16ರ ರಾತ್ರಿ ಜರ್ಮನಿಯ ಜಲಾಂತರ್ಗಾಮಿ ಯು-101 ಟಾರ್ಪೆಡೊ ಹೊಡೆದು ಅದನ್ನು ಮುಳುಗಿಸಿತು. ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಉಳಿದದ್ದು ಒಬ್ಬರೇ. ಅಧಿಕಾರಿ ರಿಚರ್ಡ್ ಏರ್ಸ್ 13 ದಿನ ದೋಣಿಯಲ್ಲಿ ತೇಲಿ ಕಾರ್ನ್‌ವಾಲ್ ದಡ ಮುಟ್ಟಿದರು. ಸತ್ತವರಲ್ಲಿ ಹೆಚ್ಚಿನವರು ಭಾರತೀಯ ನಾವಿಕರು. ಬೆಳ್ಳಿಯ ಮಾತಿನಲ್ಲಿ ನಾವು ಮರೆಯುವುದು ಇವರನ್ನೇ.

2011ರಲ್ಲಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗು ಪತ್ತೆಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ಸುಮಾರು 110 ಟನ್ ಬೆಳ್ಳಿಯನ್ನು ಮೇಲೆತ್ತಿದರು. ಜೊತೆಗೆ ವಿಳಾಸದಾರರನ್ನು ತಲುಪದ 700ಕ್ಕೂ ಹೆಚ್ಚು ಪತ್ರಗಳೂ ಸಿಕ್ಕವು.