ನೆಗ್ರಿ ಕಾಯಗಳು
ರೇಬೀಸ್ ವೈರಸ್ ಸೋಂಕಿದ ನರಕೋಶಗಳ ಕೋಶದ್ರವ್ಯದಲ್ಲಿ ಕಾಣುವ ದುಂಡಗಿನ ಅಥವಾ ಅಂಡಾಕಾರದ ಸೂಕ್ಷ್ಮ ಕಾಯಗಳು. ಇಟಲಿಯ ಪಾವಿಯಾದಲ್ಲಿ ಆಡೆಲ್ಕಿ ನೆಗ್ರಿ 1903ರಲ್ಲಿ ಇವುಗಳನ್ನು ವರ್ಣಿಸಿದ. ಇವು ರೋಗ ತರುವ ಪರೋಪಜೀವಿಗಳೆಂದು ಅವನು ಭಾವಿಸಿದ್ದ. ವಾಸ್ತವದಲ್ಲಿ ಇವು ವೈರಸ್ಸಿನ ಪ್ರೋಟೀನು ಮತ್ತು ಆರ್‌ಎನ್‌ಎ ಕೂಡಿದ, ವೈರಸ್ ವೃದ್ಧಿಯಾಗುವ ತಾಣಗಳು.

ಹಿಪೊಕ್ಯಾಂಪಸ್ಸಿನ ಪಿರಮಿಡ್ ಕೋಶಗಳಲ್ಲಿ ಮತ್ತು ಕಿರುಮಿದುಳಿನ ಪರ್ಕಿಂಜೆ ಕೋಶಗಳಲ್ಲಿ ಇವು ಹೆಚ್ಚು. ಸಾಮಾನ್ಯ ಗಾತ್ರ 2ರಿಂದ 10 ಮೈಕ್ರೊಮೀಟರ್. ಹಿಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕಿದಾಗ ಕೆಂಪಾಗಿ ಕಾಣುತ್ತವೆ. ಸುತ್ತಲಿನ ಅಂಗಾಂಶದಲ್ಲಿ ಉರಿಯೂತ ಅತ್ಯಲ್ಪವಾಗಿರುವುದೂ ಉಂಟು.

ಈ ಕಾಯಗಳು ಕಂಡರೆ ರೇಬೀಸ್ ಎನ್ನಲು ಬಲವಾದ ಆಧಾರ ಸಿಗುತ್ತದೆ. ಕಾಣದಿದ್ದರೆ ರೋಗವಿಲ್ಲ ಎನ್ನುವಂತಿಲ್ಲ, ಏಕೆಂದರೆ ಹಲವು ಪ್ರಕರಣಗಳಲ್ಲಿ ಇವು ಇರುವುದೇ ಇಲ್ಲ. ಆದ್ದರಿಂದ ಮರಣೋತ್ತರ ಪರೀಕ್ಷೆಯಲ್ಲಿ, ವೈರಸ್ಸಿನ ಪ್ರತಿಜನಕವನ್ನು ಬೆಳಗಿಸಿ ತೋರಿಸುವ ಪ್ರತಿದೀಪ್ತ ಪ್ರತಿಕಾಯ ಪರೀಕ್ಷೆ 1958ರ ನಂತರ ಕ್ರಮೇಣ ಇವುಗಳ ಹುಡುಕಾಟದ ಸ್ಥಾನವನ್ನು ಪಡೆಯಿತು. ರೋಗಿ ಬದುಕಿರುವಾಗ ಜೊಲ್ಲು, ಮಿದುಳುಬಳ್ಳಿಯ ದ್ರವ, ಕತ್ತಿನ ಹಿಂಭಾಗದ ಚರ್ಮದ ತುಣುಕು ಇವುಗಳನ್ನು ಪರೀಕ್ಷಿಸುತ್ತಾರೆ; ಒಂದೇ ಮಾದರಿಯಲ್ಲಿ ವೈರಸ್ ಸಿಗದಿದ್ದರೆ ರೋಗವನ್ನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳ ಪ್ರಯೋಗಾಲಯವಿದೆ.