ಏಳು ವರ್ಷದ ಮುಚ್ಚಳಿಕೆ

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಪೊಟ್ಟಣ; ಕಂಕುಳಲ್ಲಿ ಒಂದು ಛಾಪಾ ಕಾಗದ. ಹಣ್ಣು ನನ್ನ ಹೆಂಡತಿಗೆ, ಕಾಗದ ನನಗೆ. ಸರ್ಕಾರದ ಖರ್ಚಿನಲ್ಲಿ ಮೂರು ವರ್ಷ ತಾಂತ್ರಿಕ ಶಿಕ್ಷಣ. ಶುಲ್ಕವಿಲ್ಲ, ಊಟ ವಸತಿಗಳ ಚಿಂತೆಯಿಲ್ಲ. ಓದು ಮುಗಿದ ಮೇಲೆ ಐದು ವರ್ಷ ಸರ್ಕಾರ ಹೇಳಿದ ಕಡೆ, ಹೇಳಿದ ಕೆಲಸ ಮಾಡತಕ್ಕದ್ದು. ತಪ್ಪಿದರೆ ಖರ್ಚಾದ ಹಣವನ್ನು ಬಡ್ಡಿಸಹಿತ ಕಟ್ಟಿಕೊಡತಕ್ಕದ್ದು. ಹುಡುಗನ ತಂದೆ ದರ್ಜಿ. ಜಾಮೀನಿಗೆ ತಿಂಗಳ ಸಂಬಳದವರೊಬ್ಬರ ರುಜು ಬೇಕಾಗಿತ್ತು. ಅವರ ಬಳಗದಲ್ಲಿ ಹಾಗೆ ಸಂಬಳ ಬರುವವರು ಯಾರೂ ಇರಲಿಲ್ಲವಾದ್ದರಿಂದ ಕನ್ನಡ ಮೇಷ್ಟ್ರ ನೆನಪಾಗಿತ್ತು.

“ಎಲ್ಲ ಓದಿ ನೋಡಿದೆಯೇನಪ್ಪ?” ಎಂದೆ.

“ಎರಡು ಸಲ ಓದಿದೆ ಸಾರ್. ಒಂದು ಅನುಮಾನ. ನಾನು ಐದು ವರ್ಷ ಬಿಟ್ಟುಹೋಗಬಾರದು ಅಂತ ನಾಲ್ಕು ಕಡೆ ಬರೆದಿದ್ದಾರೆ. ಆ ಐದು ವರ್ಷ ನನಗೆ ಏನು ಕೆಲಸ ಕೊಡ್ತಾರೆ ಅಂತ ಎಲ್ಲೂ ಬರೆದಿಲ್ಲವಲ್ಲ?”

ನಾನು ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹುಡುಗ ಹೇಳಿದ್ದು ನಿಜ. ಛಂದಸ್ಸು ಅಲಂಕಾರಗಳಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಏನಾದರೂ ಉತ್ತರ ಹೇಳಿ ಪಾರಾಗುವ ಅಭ್ಯಾಸ ನನಗುಂಟು. ಈ ಪ್ರಶ್ನೆಗೆ ಹಾಗೆ ಹೇಳಿ ಕಳುಹಿಸಲು ಮನಸ್ಸಾಗಲಿಲ್ಲ. “ನಾಳಿದ್ದು ಬಾ” ಎಂದೆ.

ವಿದ್ಯೆಗೆ ಪ್ರತಿಫಲವನ್ನು ಒಪ್ಪಿಸುವ ಮಾತು ನಮಗೆ ಹೊಸದಲ್ಲ. ವರತಂತುವಿನ ಶಿಷ್ಯ ಕೌತ್ಸನ ಕಥೆ ಎಲ್ಲರಿಗೂ ಗೊತ್ತು. ಗುರುಗಳು ಬೇಡವೆಂದರೂ ಕೇಳದೆ ದಕ್ಷಿಣೆ ಕೊಟ್ಟೇ ತೀರುತ್ತೇನೆಂದು ಹಟ ಹಿಡಿದ. ಅವರು ಸಿಟ್ಟಿನಿಂದ ಹದಿನಾಲ್ಕು ಕೋಟಿ ಹೊನ್ನು ಕೇಳಿದರು. ಅವನು ರಘುಮಹಾರಾಜನ ಬಾಗಿಲಿಗೆ ಹೋದ. ಅಲ್ಲಿ ಕಲಿಸಿದವನು ಗುರು, ಕೊಟ್ಟವನು ರಾಜ. ನಮ್ಮ ಕಾಲದ ವಿಶೇಷವೇನೆಂದರೆ ಕಲಿಸುವವನೂ ರಾಜನೇ, ದಕ್ಷಿಣೆ ಕೇಳುವವನೂ ರಾಜನೇ. ಆ ದಕ್ಷಿಣೆ ಹೊನ್ನಲ್ಲ, ಆಯುಷ್ಯದ ಒಂದು ಭಾಗ. ಈ ಏರ್ಪಾಡನ್ನು ತುಂಬ ದೊಡ್ಡ ಆಸೆಯಿಟ್ಟುಕೊಂಡು ನಡೆಸಿ ನೋಡಿದ ದೇಶ ಜಪಾನು. ಎರಡು ರಾತ್ರಿ ನಾನು ಆ ಕಥೆಯನ್ನು ತಿರುವಿಹಾಕುತ್ತ ಕುಳಿತೆ. ಓದುಗರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

1863ರಲ್ಲಿ ಚೋಶು ಸೀಮೆಯ ಐವರು ತರುಣರು ಕದ್ದು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಆಗ ಅಪ್ಪಣೆಯಿಲ್ಲದೆ ದೇಶ ಬಿಟ್ಟು ಹೋದವನಿಗೆ ಮರಣದಂಡನೆ. ಆ ಐವರಲ್ಲಿ ಒಬ್ಬ ಇತೊ ಹಿರೊಬುಮಿ. ಮುಂದೆ ಜಪಾನಿನ ಮೊದಲನೆಯ ಪ್ರಧಾನಮಂತ್ರಿಯಾದವನು. ಇನ್ನೊಬ್ಬ ಯಮಾವೊ ಯೋಜೊ. ಈ ಯಮಾವೊ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ಹೋಗಿ, ಹಗಲು ಹಡಗುಕಟ್ಟೆಯಲ್ಲಿ ಕೂಲಿಯವರ ಜೊತೆ ದುಡಿದು, ರಾತ್ರಿ ಆಂಡರ್ಸನ್ ಕಾಲೇಜಿನಲ್ಲಿ ಪಾಠ ಕೇಳಿದ. ಅದೇ ಕಾಲೇಜಿನ ರಾತ್ರಿ ತರಗತಿಗಳಿಗೆ ಹೆನ್ರಿ ಡೈಯರ್ ಎಂಬ ಸ್ಥಳೀಯ ಹುಡುಗನೂ ಬರುತ್ತಿದ್ದ.

1868ರಲ್ಲಿ ಜಪಾನಿನ ರಾಜ್ಯವ್ಯವಸ್ಥೆ ಬದಲಾಯಿತು. ದೇಶ ಬಿಟ್ಟು ಓಡಿದ್ದವರೇ ದೇಶ ಆಳುವವರಾದರು. 1870ರಲ್ಲಿ ಹೊಸ ಸರ್ಕಾರ ಒಂದು ಮರಾಮತ್ತು ಮಂತ್ರಾಲಯವನ್ನು ತೆರೆಯಿತು. ರೈಲು, ತಂತಿ, ಗಣಿ, ದೀಪಸ್ತಂಭ, ಹಡಗುಕಟ್ಟೆ ಎಲ್ಲವೂ ಅದರ ಕೈಕೆಳಗೆ. ಆದರೆ ಇವನ್ನೆಲ್ಲ ಕಟ್ಟಬಲ್ಲವರು ಪರದೇಶದವರು. ಅವರ ಸಂಬಳಗಳನ್ನು ತೆರುವುದರಲ್ಲೇ ಬೊಕ್ಕಸ ಸೊರಗುತ್ತಿತ್ತು. ನಮ್ಮ ಹುಡುಗರನ್ನೇ ತಯಾರುಮಾಡೋಣ, ಅದಕ್ಕೊಂದು ಕಾಲೇಜು ಬೇಕು ಎಂದ ಯಮಾವೊ. ಕಾಲೇಜು ಮಾಡಿ ಇಂಜಿನಿಯರುಗಳನ್ನು ಹೊರಗೆ ಬಿಟ್ಟರೆ ಅವರು ಕೆಲಸ ಮಾಡುವುದಕ್ಕೆ ಈ ದೇಶದಲ್ಲಿ ಕೈಗಾರಿಕೆ ಎಲ್ಲಿದೆ ಎಂದು ಕೆಲವರು ಆಕ್ಷೇಪಿಸಿದರಂತೆ. ಈಗ ಕೈಗಾರಿಕೆ ಇಲ್ಲದಿದ್ದರೂ ಚಿಂತೆಯಿಲ್ಲ, ಮನುಷ್ಯರನ್ನು ಮಾಡಿದರೆ ಅವರು ಕೈಗಾರಿಕೆಯನ್ನು ಹುಡುಕಿಕೊಳ್ಳುತ್ತಾರೆ ಎಂಬ ಅರ್ಥದ ಉತ್ತರವನ್ನು ಅವನು ಕೊಟ್ಟನೆಂದು ಹೇಳುತ್ತಾರೆ.

ಪ್ರಾಂಶುಪಾಲನಾಗಲು ಗ್ಲಾಸ್ಗೊದಿಂದ ಬಂದವನು ಆ ರಾತ್ರಿ ತರಗತಿಯ ಹುಡುಗ ಡೈಯರನೇ. 1873ರಲ್ಲಿ ಟೋಕಿಯೋದಲ್ಲಿ ಬಂದಿಳಿದಾಗ ಅವನಿಗಿನ್ನೂ 24 ವರ್ಷ. ಹಡಗಿನ ದೀರ್ಘ ಪ್ರಯಾಣದಲ್ಲೇ ಕಾಲೇಜಿನ ಪಠ್ಯಕ್ರಮವನ್ನು ಬರೆದು ಮುಗಿಸಿದ್ದ. ಒಟ್ಟು ಆರು ವರ್ಷದ ಓದು: ಎರಡು ವರ್ಷ ಸಾಮಾನ್ಯ ವಿಷಯಗಳು, ಎರಡು ವರ್ಷ ತಾನು ಆರಿಸಿಕೊಂಡ ಶಾಖೆ, ಕೊನೆಯ ಎರಡು ವರ್ಷ ಕಾರ್ಖಾನೆಯಲ್ಲೋ ಗಣಿಯಲ್ಲೋ ನಿಜವಾದ ಕೆಲಸ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಊಟ, ಬಟ್ಟೆ, ಪುಸ್ತಕ, ವಸತಿ ಎಲ್ಲವೂ ಸರ್ಕಾರದ್ದು. ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿ ಒಪ್ಪಿಕೊಳ್ಳಬೇಕಾದ ಷರತ್ತು ಒಂದೇ: ಓದು ಮುಗಿದ ಮೇಲೆ ಏಳು ವರ್ಷ ಸರ್ಕಾರದ ಚಾಕರಿ.

ಆರು ಮತ್ತು ಏಳು ಹದಿಮೂರು. ಹದಿನಾರರ ಹುಡುಗ ರುಜು ಹಾಕಿದರೆ ಇಪ್ಪತ್ತೊಂಬತ್ತರವರೆಗೆ ಅವನು ಅವನದಲ್ಲ. ಆದರೂ ಹುಡುಗರು ಬಂದರು. ಅವರಲ್ಲಿ ಹೆಚ್ಚಿನವರು ಸಾಮುರಾಯಿ ಮನೆತನಗಳ ಮಕ್ಕಳು. 1871ರಲ್ಲಿ ಸಾಮಂತರ ಸೀಮೆಗಳು ರದ್ದಾಗಿದ್ದವು. 1876ರ ಹೊತ್ತಿಗೆ ಸಾಮುರಾಯಿಗಳ ವಂಶಪಾರಂಪರ್ಯದ ಸಂಭಾವನೆಯೂ ನಿಂತಿತು. ತಾತನ ಕಾಲದ ಕತ್ತಿ ಮನೆಯಲ್ಲಿತ್ತು, ಅಕ್ಕಿಯಿರಲಿಲ್ಲ. ಹಳೆಯ ಮೈಸೂರಿನಲ್ಲಿ ವಾರಾನ್ನದ ಮೇಲೆ ಓದಿದ ಹಿರಿಯರನ್ನು ಕಂಡವರಿಗೆ ಆ ಹುಡುಗರ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಹಸಿದವನಿಗೆ ಅನ್ನದ ಜೊತೆಗೆ ವಿದ್ಯೆಯನ್ನೂ ಕೊಡುವವರು ಮುಚ್ಚಳಿಕೆಯಲ್ಲಿ ಏನು ಬರೆದಿದ್ದಾರೆಂದು ಎರಡು ಸಲ ಓದುವ ವ್ಯವಧಾನ ಎಲ್ಲಿಯದು?

1879ರಲ್ಲಿ ಮೊದಲನೆಯ ತಂಡದ 23 ಜನ ಉತ್ತೀರ್ಣರಾದರು. ಅವರಲ್ಲಿ 11 ಜನರನ್ನು ಸರ್ಕಾರ ಮತ್ತೆ ತನ್ನ ಖರ್ಚಿನಲ್ಲೇ ಬ್ರಿಟನ್ನಿಗೆ ಕಳುಹಿಸಿತು. ಹಾಗೆ ಹೋದವರಲ್ಲಿ ಒಬ್ಬ ತತ್ಸುನೊ ಕಿಂಗೊ, ಕೆಳದರ್ಜೆಯ ಸಾಮುರಾಯಿ ಮನೆಯವನು. ಲಂಡನಿನಿಂದ ಹಿಂದಿರುಗಿ, 1884ರಲ್ಲಿ ತನಗೆ ವಾಸ್ತುಶಿಲ್ಪ ಕಲಿಸಿದ ಇಂಗ್ಲಿಷ್ ಗುರು ಜೋಸಾಯ ಕಾಂಡರನ ಪೀಠದಲ್ಲೇ ಕುಳಿತ. ಟೋಕಿಯೋದ ಕೇಂದ್ರ ಬ್ಯಾಂಕಿನ ಕಟ್ಟಡ, 1914ರಲ್ಲಿ ತೆರೆದ ಟೋಕಿಯೋ ರೈಲು ನಿಲ್ದಾಣ ಇವೆರಡೂ ಅವನ ಕೃತಿಗಳು. ಪರದೇಶದ ಸಂಬಳಗಾರನ ಜಾಗದಲ್ಲಿ ಸ್ವದೇಶದ ಪಂಡಿತ ಬಂದು ಕುಳಿತದ್ದೇ ಸರ್ಕಾರಕ್ಕೆ ಸಂದ ಮೊದಲನೆಯ ಕಂತು.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದವನು ತನಾಬೆ ಸಕುರೊ. ಹುಟ್ಟಿದ್ದು 1861ರಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದವನು. ಕಾಲೇಜಿನ ಕೊನೆಯ ವರ್ಷಗಳ ಪ್ರಬಂಧಕ್ಕೆ ಅವನು ಆರಿಸಿಕೊಂಡ ವಿಷಯ, ಬಿವಾ ಸರೋವರದ ನೀರನ್ನು ಬೆಟ್ಟ ಕೊರೆದು ಕ್ಯೋತೋ ನಗರಕ್ಕೆ ತರುವುದು. ಮೋಜಣಿಯ ಸಮಯದಲ್ಲಿ ಬಲಗೈಗೆ ಪೆಟ್ಟಾಯಿತು. ಎಡಗೈಯಲ್ಲಿ ನಕ್ಷೆ ಎಳೆದು ಪ್ರಬಂಧವನ್ನು ಮುಗಿಸಿದ. ಕ್ಯೋತೋ ಆಗ ದಿಕ್ಕುಗೆಟ್ಟ ಊರು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೊರಟುಹೋದ ಮೇಲೆ ಸಾವಿರ ವರ್ಷದ ಆ ರಾಜಧಾನಿಯ ಕಳೆಯೇ ಹೋಗಿತ್ತು. ಅಲ್ಲಿನ ರಾಜ್ಯಪಾಲ ಕಿತಾಗಾಕಿ ಕುನಿಮಿಚಿ ಇದೇ ಕಾಲುವೆಯ ಕನಸು ಕಾಣುತ್ತಿದ್ದವನು. 1883ರಲ್ಲಿ ತನಾಬೆ ತೇರ್ಗಡೆಯಾದೊಡನೆ ಆ ಇಪ್ಪತ್ತೊಂದರ ಹುಡುಗನನ್ನು ಕರೆದು, ನಿನ್ನ ಪ್ರಬಂಧದಲ್ಲಿರುವುದನ್ನು ಇಲ್ಲಿ ಕಟ್ಟು ಎಂದು ಕೆಲಸ ಒಪ್ಪಿಸಿಬಿಟ್ಟ!

1885ರಲ್ಲಿ ಆರಂಭವಾದ ಕಾಲುವೆ 1890ರಲ್ಲಿ ಮುಗಿಯಿತು. ಅದರ ಒಂದು ಸುರಂಗದ ಉದ್ದವೇ 2,400 ಮೀಟರಿಗೂ ಹೆಚ್ಚು. ಪರದೇಶದ ಇಂಜಿನಿಯರುಗಳ ನೇತೃತ್ವವಿಲ್ಲದೆ ಜಪಾನೀಯರೇ ನಿಂತು ಮಾಡಿಸಿದ ಕೆಲಸ. ನಡುವೆ 1888ರಲ್ಲಿ ತನಾಬೆ ಅಮೆರಿಕಕ್ಕೆ ಹೋಗಿ, ಕೊಲರಾಡೊದ ಆಸ್ಪೆನ್ ಗಣಿಯೂರಿನಲ್ಲಿ ನೀರಿನಿಂದ ವಿದ್ಯುತ್ತು ತೆಗೆಯುವುದನ್ನು ಕಂಡುಬಂದ. ನೀರುಚಕ್ರಗಳನ್ನು ತಿರುಗಿಸಲೆಂದಿದ್ದ ಯೋಜನೆಯನ್ನು ಬದಲಿಸಿದ. 1891ರಲ್ಲಿ ಕೆಆಗೆ ವಿದ್ಯುದಾಗಾರ ಕೆಲಸ ಆರಂಭಿಸಿತು. 1895ರಲ್ಲಿ ಜಪಾನಿನ ಮೊದಲನೆಯ ವಿದ್ಯುತ್ ಟ್ರಾಮು ಕ್ಯೋತೋ ಬೀದಿಯಲ್ಲಿ ಓಡಿತು. ಕಾಲುವೆಯ ಕೆಲಸದಲ್ಲಿ 17 ಜನ ಸತ್ತಿದ್ದರು. ಅವರ ಹೆಸರಿನಲ್ಲಿ ತನಾಬೆ ತನ್ನ ಸ್ವಂತ ಖರ್ಚಿನಿಂದ ಒಂದು ಸ್ಮಾರಕದ ಕಲ್ಲು ನಿಲ್ಲಿಸಿದ. ಸರ್ಕಾರದ ಋಣವನ್ನಲ್ಲದೆ ಇನ್ನೊಂದು ಋಣವನ್ನೂ ಲೆಕ್ಕಕ್ಕೆ ಹಿಡಿದವನು ಅವನು. ಅದು ಯಾವ ಮುಚ್ಚಳಿಕೆಯಲ್ಲೂ ಬರೆದಿರಲಿಲ್ಲ.

ಎಲ್ಲರೂ ಹೀಗೆ ಸರ್ಕಾರದಲ್ಲೇ ಉಳಿಯಲಿಲ್ಲ. ಮೊದಲ ತಂಡದ ತಕಾಮಿನೆ ಜೋಕಿಚಿ ಕೆಲವು ವರ್ಷ ಸರ್ಕಾರಿ ಕೆಲಸ ಮಾಡಿ, ಗೊಬ್ಬರದ ಕಂಪನಿ ಕಟ್ಟಿ, 1890ರಲ್ಲಿ ಅಮೆರಿಕಕ್ಕೆ ಹೊರಟುಹೋದ. 1901ರಲ್ಲಿ ಅಡ್ರಿನಲಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಕೀರ್ತಿ ಅವನದು. ಇದೇನು ಸರ್ಕಾರಕ್ಕೆ ನಷ್ಟವೇ ಎಂದು ಕೇಳಬಹುದು. ಲೆಕ್ಕಪತ್ರದಲ್ಲಿ ಇರಬಹುದು. ಆದರೆ ಈ ಕಥೆಯ ಸೋಜಿಗ ಬೇರೆಯೇ ಇದೆ. ಏಳು ವರ್ಷದ ಕರಾರು ಮಾಡಿಸಿಕೊಂಡ ಆ ಮರಾಮತ್ತು ಮಂತ್ರಾಲಯವೇ 1885ರ ಡಿಸೆಂಬರಿನಲ್ಲಿ ರದ್ದಾಯಿತು. 1879ರಲ್ಲಿ ಹೊರಬಂದವರ ಏಳು ವರ್ಷ ಇನ್ನೂ ಮುಗಿದಿರಲಿಲ್ಲ! ಹಣದ ಮುಗ್ಗಟ್ಟಿನಿಂದ ಸರ್ಕಾರ ತನ್ನ ಕಾರ್ಖಾನೆ ಗಣಿಗಳನ್ನು ಖಾಸಗಿಯವರಿಗೆ ಮಾರುತ್ತಿತ್ತು. ಕಾಲೇಜು 1886ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ಕಟ್ಟಿಹಾಕಿದ ಗೂಟವೇ ಕಿತ್ತುಹೋದ ಮೇಲೂ ಆ ಹುಡುಗರಲ್ಲಿ ಬಹುಮಂದಿ ಅಲ್ಲೇ ಇದ್ದು ದೇಶವನ್ನು ಕಟ್ಟಿದರು. ಏಕೆಂದರೆ ಕಟ್ಟುವುದಕ್ಕೆ ಅಲ್ಲಿ ಕೆಲಸವಿತ್ತು.

ಇನ್ನು ನಮ್ಮ ಮನೆಯ ಕಥೆ. ತನಾಬೆಯ ಸಮವಯಸ್ಕನೆಂದೇ ಹೇಳಬಹುದಾದ ಹುಡುಗನೊಬ್ಬ ಮುದ್ದೇನಹಳ್ಳಿಯಲ್ಲಿದ್ದ. ಅವನೂ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಮನೆಪಾಠದ ಸಂಪಾದನೆ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ ಅವನಿಗೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರಲ್ಲಿ, ತನಾಬೆ ಟೋಕಿಯೋದಲ್ಲಿ ಉತ್ತೀರ್ಣನಾದ ವರ್ಷವೇ, ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತಕ್ಕೆ ಮೊದಲಿಗರಾಗಿ ಇಂಜಿನಿಯರಿಂಗ್ ಮುಗಿಸಿದರು. ಹಾಗೆ ಮೊದಲು ಬಂದವರಿಗೆ ಮುಂಬಯಿ ಸರ್ಕಾರದಲ್ಲಿ ಹುದ್ದೆ ಖಾತರಿಯಿತ್ತು. 1884ರಲ್ಲಿ ಅಲ್ಲಿಯ ಮರಾಮತ್ತು ಇಲಾಖೆಯನ್ನು ಸೇರಿದರು. ಮೈಸೂರಿನ ಹಣದಿಂದ ಓದಿದ ವಿದ್ಯೆ ಸುಮಾರು ಕಾಲು ಶತಮಾನ ನಾಸಿಕ, ಖಾನದೇಶ, ಸಕ್ಕರ್, ಪುಣೆಗಳಿಗೆ ನೀರು ಕೊಟ್ಟಿತು.

1898ರಲ್ಲಿ ಅವರು ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳು ಇದ್ದು, ಅಲ್ಲಿಯ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ನೋಡಿದರು. ಮುಂಬಯಿಯ ಸೇವೆಯಿಂದ ತಾವಾಗಿಯೇ ನಿವೃತ್ತರಾದ ಬಳಿಕ ಮೈಸೂರಿನಿಂದ ಮುಖ್ಯ ಇಂಜಿನಿಯರಾಗಿ ಬರಬೇಕೆಂಬ ಕರೆ ಬಂತು. ತವರಿನ ಕರೆ, ಓದಿಸಿದ ಸರ್ಕಾರದ ಕರೆ. ಹಾಗಿದ್ದರೂ ಅವರು ಕೂಡಲೇ ಒಪ್ಪಿಕೊಳ್ಳಲಿಲ್ಲ. ಬರಿಯ ದಿನವಹಿ ಕಚೇರಿ ಕೆಲಸಕ್ಕೆ ತಮಗೆ ಮನಸ್ಸಿಲ್ಲ; ತಾಂತ್ರಿಕ ಶಿಕ್ಷಣ ಕೈಗಾರಿಕೆಗಳನ್ನು ಬೆಳೆಸುವುದರಲ್ಲಿ ಸಂಸ್ಥಾನಕ್ಕೆ ಆಸಕ್ತಿಯುಂಟೇ ಎಂದು ಮೊದಲು ವಿಚಾರಿಸಿದರು. ಅನುಕೂಲವಾದ ಉತ್ತರ ಬಂದ ಮೇಲೆಯೇ 1909ರಲ್ಲಿ ಬಂದರು. ಆಮೇಲಿನದು ನಮಗೆಲ್ಲ ತಿಳಿದದ್ದೇ: 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು; 1912ರಿಂದ 1918ರವರೆಗೆ ಅವರ ದಿವಾನಗಿರಿ; 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು.

ಇವೆರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಸೇವೆಯ ಕರಾರನ್ನು ನಾವು ಯಾವಾಗಲೂ ಹುಡುಗನ ಸಾಲವೆಂದೇ ಎಣಿಸುತ್ತೇವೆ. ನಮ್ಮ ರಾಜ್ಯದಲ್ಲಿ ವೈದ್ಯವಿದ್ಯಾರ್ಥಿಗಳ ಕಡ್ಡಾಯ ಸೇವೆಯ ಕಾನೂನು 2012ರಲ್ಲಿ ಆದಾಗಲೂ ಹರಟೆಕಟ್ಟೆಗಳಲ್ಲಿ ಕೇಳಿಬಂದದ್ದು ಒಂದೇ ಮಾತು: ಜನರ ದುಡ್ಡಿನಲ್ಲಿ ಓದಿದವರು ತೀರಿಸಲಿ. ತೀರಿಸಬೇಕಾದದ್ದು ನ್ಯಾಯವೇ, ನನಗೆ ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ದರ್ಜಿಯ ಮಗನ ಓದಿಗೆ ಇನ್ನೊಬ್ಬ ದರ್ಜಿಯ ತೆರಿಗೆಯೂ ಸೇರಿದೆ. ಆದರೆ ಕರಾರೆಂದ ಮೇಲೆ ಎರಡು ಪಕ್ಷಗಳುಂಟು. ಹುಡುಗ ಏಳು ವರ್ಷ ಕೊಡುತ್ತೇನೆಂದು ಬರೆದರೆ, ಆ ಏಳು ವರ್ಷವನ್ನು ವ್ಯರ್ಥಮಾಡುವುದಿಲ್ಲವೆಂದು ಸರ್ಕಾರ ಬರೆಯದಿದ್ದರೂ ಬರೆದಂತೆಯೇ. ಯಮಾವೊ, ಕಿತಾಗಾಕಿ ಇದನ್ನು ಅರಿತಿದ್ದರು. ತನಾಬೆಯನ್ನು ತಂದು ಒಂದು ಮೇಜಿನ ಮುಂದೆ ಕೂರಿಸಿ ಏಳು ವರ್ಷ ಕಡತಕ್ಕೆ ದಾರ ಕಟ್ಟಿಸಿದ್ದರೆ ಷರತ್ತಿನ ಅಕ್ಷರವೇನೋ ಉಳಿಯುತ್ತಿತ್ತು. ಕ್ಯೋತೋಗೆ ನೀರು ಬರುತ್ತಿರಲಿಲ್ಲ. ಮೈಸೂರು ತನ್ನ ಹುಡುಗನನ್ನು ಮರಳಿ ಪಡೆದದ್ದೂ ದೊಡ್ಡ ಕೆಲಸವನ್ನು ಮುಂದಿಟ್ಟು ಕರೆದಾಗಲೇ.

ನಾಳಿದ್ದು ಬಾ ಎಂದಿದ್ದೆನಲ್ಲ, ಹುಡುಗ ಹೇಳಿದ ಹೊತ್ತಿಗೇ ಬಂದ. “ನಿನ್ನ ಪ್ರಶ್ನೆಗೆ ಕಾಗದದಲ್ಲಿ ಉತ್ತರವಿಲ್ಲಪ್ಪ. ಆದರೆ ಅದೇ ಪ್ರಶ್ನೆಯನ್ನು ಹಿಂದೆ ವಿಶ್ವೇಶ್ವರಯ್ಯನವರೂ ಕೇಳಿದ್ದರು” ಎಂದೆ.

ಅವನು ನಕ್ಕ. “ಅವರು ಕೇಳಿದಾಗ ಅವರಿಗೆ ನಲವತ್ತೆಂಟು ವರ್ಷ ಆಗಿರಬೇಕಲ್ಲ ಸಾರ್. ಪಿಂಚಣಿಯೂ ಇತ್ತು. ನಾನು ಈಗಲೇ ಕೇಳಿದರೆ ಸೀಟು ಇನ್ನೊಬ್ಬನಿಗೆ ಹೋಗುತ್ತೆ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಕಾಫಿ ತಂದಿಟ್ಟು, “ಪಾಠ ಸಾಕು, ಮೊದಲು ರುಜು ಹಾಕಿಕೊಡಿ” ಎಂದಳು. ಹಾಕಿದೆ. ಐದು ವರ್ಷ ಅವನು ಓಡಿಹೋಗುವುದಿಲ್ಲ ಎಂಬುದಕ್ಕೆ ನಾನು ಜಾಮೀನು. ಅವನಿಗೆ ತಕ್ಕ ಕೆಲಸ ಸಿಗುತ್ತದೆ ಎಂಬುದಕ್ಕೆ ಜಾಮೀನು ನಿಲ್ಲುವವರ ರುಜುವಿಗೆ ಆ ಕಾಗದದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ.